ಸಂತೆಯ ಮರದ ಬಿಲ್ಲೆ

2025ರ ಜುಲೈ ತಿಂಗಳ ಒಂದು ಶನಿವಾರ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಾವಿರುವ ಊರಿನ ರೈತರ ಸಂತೆ. ಮಾಹಿತಿ ಟೇಬಲ್ಲಿನ ಹಿಂದೆ ನಾನು ನಿಂತಿದ್ದೆ. ಹತ್ತಿ ಸೀರೆ ಉಟ್ಟು, ಮೇಲೊಂದು ಸ್ವೆಟರ್ ತೊಟ್ಟು, ಕಾಲಿಗೆ ವಾಕಿಂಗ್ ಶೂ ಹಾಕಿದ್ದ ಹಿರಿಯ ಹೆಂಗಸೊಬ್ಬರು ಕೈಯಲ್ಲಿ ಕಾರ್ಡ್ ಹಿಡಿದು ಕ್ಯೂನಲ್ಲಿ ಬರುತ್ತಿದ್ದರು. ಇವರನ್ನ ಎಲ್ಲೋ ನೋಡಿದ್ದೀನಲ್ಲ ಅನ್ನಿಸಿತು. ಹೌದು, ಯುಗಾದಿಗೆ ಕನ್ನಡ ಕೂಟದಲ್ಲಿ ಕೋಸಂಬರಿ ಬಡಿಸುತ್ತಿದ್ದವರು! ಪರದೇಶದಲ್ಲಿ ಕನ್ನಡದವರು ಸಿಕ್ಕರೆ ನನಗೆ ಬಾಯಿ ಹಿಡಿತದಲ್ಲಿ ಇರಲ್ಲ.

"ಆಂಟೀ, ನೀವು ಕನ್ನಡದವರಲ್ವಾ? ಯುಗಾದಿ ಫಂಕ್ಷನ್‌ನಲ್ಲಿ ನೋಡಿದ್ದೆ ನಿಮ್ಮನ್ನ!" ಅಂತ ಸುತ್ತ ನಾಲ್ಕು ಜನ ತಿರುಗಿ ನೋಡುವ ಹಾಗೆ ಕೂಗಿಬಿಟ್ಟೆ.

ಅವರ ಮುಖ ಇಳಿದುಹೋಯಿತು. ಕೈಯಲ್ಲಿದ್ದ ಕಾರ್ಡ್ ಮೆಲ್ಲಗೆ ಬಟ್ಟೆ ಚೀಲದೊಳಗೆ ಹೋಯಿತು. "ಇಲ್ಲಮ್ಮ, ಸುಮ್ನೆ ಬಂದೆ. ನಮ್ಮ ಪಕ್ಕದ ಮನೆಯವರಿಗೆ ಬೇಕಿತ್ತಂತೆ, ವಿಚಾರಿಸೋಣ ಅಂತ" ಅಂದವರೇ ತಿರುಗಿ ಹೊರಟರು. ಏನೂ ಕೊಳ್ಳಲಿಲ್ಲ. ಸೊಪ್ಪಿನ ಅಂಗಡಿ ದಾಟಿ ಸೀದಾ ಬಸ್ ಸ್ಟಾಪಿನ ಕಡೆಗೆ ಹೋದದ್ದನ್ನು ನೋಡಿದೆ.

ಅವರು ನಿಂತಿದ್ದ ಜಾಗದ ಮೇಲೆ ನೇತಾಡುತ್ತಿದ್ದ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ 'ಇಬಿಟಿ ಸಾಲು' ಅಂತಿತ್ತು. ಆ ಬೋರ್ಡ್ ಬರೆದು ನೇತುಹಾಕಿದವಳೂ ನಾನೇ.

ಇಬಿಟಿ ಅಂದರೆ ಎಲೆಕ್ಟ್ರಾನಿಕ್ ಬೆನಿಫಿಟ್ ಟ್ರಾನ್ಸ್‌ಫರ್. ನೋಡಲು ಬ್ಯಾಂಕಿನ ಎಟಿಎಂ ಕಾರ್ಡಿನ ಹಾಗೇ ಇರುತ್ತದೆ. ಆದಾಯ ಕಡಿಮೆ ಇರುವ ಕುಟುಂಬಗಳಿಗೆ ಊಟದ ಸಾಮಾನಿಗೆಂದು ಅಮೆರಿಕ ಸರ್ಕಾರ ಕೊಡುವ ಹಣ ತಿಂಗಳಿಗೊಮ್ಮೆ ಅದರಲ್ಲಿ ಬೀಳುತ್ತದೆ. ಯೋಜನೆಯ ಹೆಸರು ಸ್ನ್ಯಾಪ್. ಹಳಬರು ಈಗಲೂ 'ಫುಡ್ ಸ್ಟಾಂಪ್' ಅನ್ನುತ್ತಾರೆ, ಕ್ಯಾಲಿಫೋರ್ನಿಯಾದಲ್ಲಿ ಕ್ಯಾಲ್‌ಫ್ರೆಶ್ ಅನ್ನುತ್ತಾರೆ. ಈ ದೇಶದಲ್ಲಿ ಸುಮಾರು 4 ಕೋಟಿ ಜನ, ಅಂದರೆ ಎಂಟು ಜನರಲ್ಲಿ ಒಬ್ಬರು, ಇದನ್ನು ಪಡೆಯುತ್ತಾರೆ. ನನ್ನಂಥ ಎಚ್-1ಬಿ ವೀಸಾದವರಿಗೆ ಇದು ಸಿಗಲ್ಲ. ಗ್ರೀನ್ ಕಾರ್ಡ್ ಸಿಕ್ಕ ವಯಸ್ಕರೂ ಸಾಮಾನ್ಯವಾಗಿ 5 ವರ್ಷ ಕಾಯಬೇಕು. ಹಾಗಾಗಿ ನಮ್ಮವರಲ್ಲಿ ಇದನ್ನು ಪಡೆಯುವವರೇ ಇಲ್ಲ ಅಂತ ನಾನು ತಿಳಿದಿದ್ದೆ. ಕನ್ನಡ ಕೂಟದ ಪಾರ್ಕಿಂಗಿನಲ್ಲಿ ಸಾಲಾಗಿ ನಿಂತ ಟೆಸ್ಲಾ ಕಾರುಗಳನ್ನು ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸೋದು.

ಇಷ್ಟಕ್ಕೂ ನಾನು ಆ ಟೇಬಲ್ಲಿನ ಹಿಂದೆ ನಿಂತದ್ದು ಸಮಾಜಸೇವೆ ಮಾಡುತ್ತೇನೆ ಅಂತ ಹೊರಟಲ್ಲ, ಸೊಪ್ಪಿನ ಆಸೆಗೆ. ಫ್ರೆಸ್ನೋ ಕಡೆಯಿಂದ ನಸುಕಿನಲ್ಲೇ ವ್ಯಾನ್ ಓಡಿಸಿಕೊಂಡು ಬರುವ ಒಬ್ಬ ಹ್ಮಾಂಗ್ ದಂಪತಿ ಇದ್ದಾರೆ. ಅವರ ಹಿರಿಯರು ವಿಯೆಟ್ನಾಂ ಯುದ್ಧದ ನಂತರ ಲಾವೋಸ್ ಬಿಟ್ಟು ಬಂದವರು. ಅವರ ಹತ್ತಿರ ದಂಟಿನ ಸೊಪ್ಪು, ಹಾಗಲಕಾಯಿ, ಮಾರುದ್ದದ ಅಲಸಂದೆ ಎಲ್ಲ ಸಿಗುತ್ತದೆ. ದಂಟಿನ ಸೊಪ್ಪಿನ ಹುಳಿ ಮಾಡಿದ ದಿನ ನಮ್ಮ ಮನೆಯಲ್ಲಿ ಜಗಳ ಇರಲ್ಲ. ಪ್ರತಿ ಶನಿವಾರ ಹೋಗುತ್ತಿದ್ದವಳಿಗೆ 'ಸ್ವಯಂಸೇವಕರು ಬೇಕಾಗಿದ್ದಾರೆ' ಅನ್ನುವ ಚೀಟಿ ಕಣ್ಣಿಗೆ ಬಿತ್ತು. ಗಂಡ ಹೇಗಿದ್ದರೂ ಹತ್ತು ಗಂಟೆಗೆ ಮುಂಚೆ ಏಳಲ್ಲ. ಹೆಸರು ಬರೆಸಿದೆ.

ಕೆಲಸ ಸರಳ. ಸಂತೆಯಲ್ಲಿ ಮೂವತ್ತಕ್ಕೂ ಹೆಚ್ಚು ಅಂಗಡಿಗಳಿವೆ. ಒಬ್ಬೊಬ್ಬ ರೈತನೂ ಸರ್ಕಾರದ ಪರವಾನಗಿ ಪಡೆದು, ಇಬಿಟಿ ಯಂತ್ರ ಇಟ್ಟುಕೊಂಡು ಕೂರೋದು ಆಗದ ಮಾತು. ಹಾಗಾಗಿ ಇಡೀ ಸಂತೆಗೆ ಒಂದೇ ಪರವಾನಗಿ, ಒಂದೇ ಯಂತ್ರ. ಗಿರಾಕಿ ನಮ್ಮ ಟೇಬಲ್ಲಿಗೆ ಬಂದು ಕಾರ್ಡ್ ಕೊಟ್ಟು, ಇಷ್ಟು ಡಾಲರ್ ಅಂತ ಹೇಳಿ ಪಿನ್ ಒತ್ತಿದರೆ, ನಾವು ಅಷ್ಟು ಮರದ ಬಿಲ್ಲೆ ಎಣಿಸಿ ಕೊಡುತ್ತೇವೆ. ಒಂದು ಬಿಲ್ಲೆಗೆ ಒಂದು ಡಾಲರ್. ಕೇರಂ ಕಾಯಿನಿಗಿಂತ ಸ್ವಲ್ಪ ದೊಡ್ಡದು, ಮೇಲೆ ಸಂತೆಯ ಮುದ್ರೆ. ಆ ಬಿಲ್ಲೆ ಕೊಟ್ಟು ರೈತರ ಹತ್ತಿರ ತರಕಾರಿ, ಹಣ್ಣು, ಮೊಟ್ಟೆ, ಜೇನು, ಬ್ರೆಡ್ಡು ಏನು ಬೇಕಾದರೂ ಕೊಳ್ಳಬಹುದು. ಸಂತೆ ಮುಗಿದ ಮೇಲೆ ರೈತರು ಡಬ್ಬಿಯಲ್ಲಿ ಬಿದ್ದ ಬಿಲ್ಲೆಗಳನ್ನು ನಮಗೆ ಒಪ್ಪಿಸುತ್ತಾರೆ, ಸಂತೆಯ ಆಫೀಸು ಲೆಕ್ಕ ಮಾಡಿ ಚೆಕ್ ಕೊಡುತ್ತದೆ.

ಇದರ ಜೊತೆಗೆ ಇನ್ನೊಂದು ಅನುಕೂಲವಿದೆ, ಹೆಸರು 'ಮಾರ್ಕೆಟ್ ಮ್ಯಾಚ್'. ಕಾರ್ಡಿನಿಂದ 10 ಡಾಲರ್ ತೆಗೆದರೆ ಇನ್ನೂ 10 ಡಾಲರಿನ ಚೀಟಿ ಉಚಿತವಾಗಿ ಸಿಗುತ್ತದೆ, ಆದರೆ ಅದು ಹಣ್ಣು ತರಕಾರಿಗೆ ಮಾತ್ರ. 10 ಅನ್ನೋದು ನಮ್ಮ ಸಂತೆಯ ಮಿತಿ, ಬೇರೆ ಕಡೆ ಬೇರೆ ಇರಬಹುದು. ಡೆಟ್ರಾಯಿಟ್‌ನಲ್ಲಿ 2009ರಲ್ಲಿ ಶುರುವಾದ 'ಡಬಲ್ ಅಪ್ ಫುಡ್ ಬಕ್ಸ್' ಕೂಡ ಇಂಥದ್ದೇ. ಇದನ್ನು ಕಂಡುಹಿಡಿದವರು ಈಗಿನವರೇ ಅಂದುಕೊಂಡಿದ್ದೆ. ಅಲ್ಲವಂತೆ. 1939ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿನಲ್ಲಿ ಮೊಟ್ಟಮೊದಲ ಫುಡ್ ಸ್ಟಾಂಪ್ ಕೊಟ್ಟಾಗಲೇ ಇದರ ಉಪಾಯ ಇತ್ತು. ಒಂದು ಡಾಲರ್ ಕೊಟ್ಟು ಕಿತ್ತಳೆ ಬಣ್ಣದ ಸ್ಟಾಂಪ್ ಕೊಂಡರೆ ಅರ್ಧ ಡಾಲರಿನ ನೀಲಿ ಸ್ಟಾಂಪ್ ಉಚಿತ. ನೀಲಿಯದಕ್ಕೆ ಸಿಗುತ್ತಿದ್ದುದು ರೈತರ ಹತ್ತಿರ ಮಾರಾಟವಾಗದೆ ಉಳಿದ ಪದಾರ್ಥ ಮಾತ್ರ. ಹಸಿದವನಿಗೂ ಊಟ, ರೈತನಿಗೂ ಗಿರಾಕಿ.

ಕೆಲವು ನಿಯಮ ಮಾತ್ರ ವಿಚಿತ್ರ. ಬಿಸಿಬಿಸಿಯಾಗಿ ತಯಾರಾದ ಊಟಕ್ಕೆ ಈ ಹಣ ನಡೆಯಲ್ಲ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಇಡ್ಲಿ ಹಿಟ್ಟು ಆಗುತ್ತೆ, ಹಬೆಯಾಡುವ ಇಡ್ಲಿ ಆಗಲ್ಲ. ಹೂವು ಕೊಳ್ಳುವಂತಿಲ್ಲ, ಆದರೆ ಮೆಣಸಿನಕಾಯಿ ಸಸಿ ಕೊಳ್ಳಬಹುದು, ತಿನ್ನುವ ಬೆಳೆಯ ಬೀಜವನ್ನೂ ಕೊಳ್ಳಬಹುದು. ಬಾಲ್ಕನಿಯಲ್ಲಿ ಎರಡು ಟೊಮೆಟೊ ಗಿಡ ಬೆಳೆಸುತ್ತೀನಿ ಅನ್ನುವವರಿಗೆ ಇದಕ್ಕಿಂತ ಲಾಭ ಬೇರೆ ಇಲ್ಲ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ, ನಾನಂತೂ ಸಿಕ್ಕವರಿಗೆಲ್ಲ ಹೇಳುತ್ತೇನೆ.

ಇನ್ನು ಆ ಬೋರ್ಡಿನ ಕಥೆ. ಆಫೀಸಿನಲ್ಲಿ ನನ್ನ ಕೆಲಸವೇ ಪೇಮೆಂಟ್ ಸಿಸ್ಟಮ್ ಎಲ್ಲಿ ನಿಧಾನವಾಗುತ್ತಿದೆ ಅಂತ ಪತ್ತೆ ಹಚ್ಚೋದು. ಸಂತೆಯಲ್ಲೂ ನನ್ನ ಕಣ್ಣು ಅದೇ ಹುಡುಕಿತು. ನಮ್ಮ ಟೇಬಲ್ಲಿನಲ್ಲಿ ಮಾಮೂಲಿ ಬ್ಯಾಂಕ್ ಕಾರ್ಡಿನವರಿಗೂ ಬಿಲ್ಲೆ ಕೊಡುತ್ತೇವೆ, ಅದು ಐದು ಡಾಲರಿನದು, ಬಣ್ಣ ಬೇರೆ. ಅವರ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಇಬಿಟಿಯವರಿಗೆ ಪಿನ್ನು, ರಸೀದಿ, ಮ್ಯಾಚ್ ಚೀಟಿ, ಪುಸ್ತಕದಲ್ಲಿ ದಾಖಲೆ ಅಂತ ಎರಡು ಮೂರು ನಿಮಿಷ. ಎರಡೂ ಒಂದೇ ಸಾಲಿನಲ್ಲಿ ಯಾಕೆ? ಬೇರೆ ಮಾಡಿದರಾಯಿತು! ಎರಡು ಬೋರ್ಡ್ ಬರೆದೆ, ಎರಡು ಸಾಲು ಮಾಡಿಸಿದೆ. ಸಾಲು ಸರಸರ ಓಡಿತು. ನಾನು ಒಳಗೊಳಗೇ ಬೀಗಿದೆ.

ಮೂರನೇ ವಾರ ಸಂತೆ ನೋಡಿಕೊಳ್ಳುವ ಹೆಂಗಸು ದಾಖಲೆ ಪುಸ್ತಕ ತಿರುವಿ ಹಾಕುತ್ತಾ, "ಕಾರ್ಡಿನವರು ಕಡಿಮೆಯಾಗುತ್ತಿದ್ದಾರೆ, ನೋಡಿದೆಯಾ?" ಅಂದರು. ಅರವತ್ತರ ಆಸುಪಾಸಿನವರು, ಜೋರು ಮಾತಿಲ್ಲ. ತಿಂಗಳ ಕೊನೆ ಅಲ್ಲವಾ, ಹಣ ಖಾಲಿಯಾಗಿರುತ್ತೆ ಅಂದೆ. ಕ್ಯಾಲಿಫೋರ್ನಿಯಾದಲ್ಲಿ ತಿಂಗಳ ಮೊದಲ ಹತ್ತು ದಿನಗಳಲ್ಲಿ ಹಣ ಬೀಳುವುದರಿಂದ ಕೊನೆಯ ವಾರ ಟೇಬಲ್ ಬಿಕೋ ಅನ್ನೋದು ನಿಜ. ಅವರು ಅದಕ್ಕೆ ಎದುರಾಡದೆ ತಮ್ಮ ಚಿಕ್ಕಂದಿನ ಕಥೆ ಹೇಳಿದರು. ಅವರ ಮನೆಯಲ್ಲಿ ಕಾಗದದ ಸ್ಟಾಂಪ್ ಇದ್ದ ಕಾಲ. ಅಂಗಡಿಗೆ ಅಮ್ಮ ತಾನು ಹೋಗದೆ ಮಗಳ ಕೈಗೆ ಸ್ಟಾಂಪಿನ ಪುಸ್ತಕ ಕೊಟ್ಟು ಕಳಿಸುತ್ತಿದ್ದಳಂತೆ. ದೊಡ್ಡವರನ್ನು ನೋಡುವ ಕಣ್ಣಿನಲ್ಲಿ ಮಕ್ಕಳನ್ನು ನೋಡಲ್ಲ ಅಂತ. "ಆದರೆ ನೋಡುತ್ತಿದ್ದರು" ಅಂದರು. ಅಷ್ಟು ಹೇಳಿ ಬೋರ್ಡಿನ ಕಡೆ ಒಮ್ಮೆ ನೋಡಿ ಸುಮ್ಮನಾದರು.

ಮನೆಗೆ ಬಂದು ಈ ಸ್ಟಾಂಪಿನ ಇತಿಹಾಸ ಓದುತ್ತಾ ಕೂತೆ. ರಾಚೆಸ್ಟರ್‌ನ ಯೋಜನೆ 1943ರಲ್ಲಿ ನಿಂತಿತು. 1961ರಲ್ಲಿ ಕೆನಡಿ ಮತ್ತೆ ಪ್ರಯೋಗ ಶುರು ಮಾಡಿಸಿದರು, 1964ರಲ್ಲಿ ಜಾನ್ಸನ್ ಕಾಲದಲ್ಲಿ ಕಾನೂನಾಯಿತು. ಕಾಗದದ ಸ್ಟಾಂಪ್ ಕದಿಯುವುದು, ಮಾರಿಕೊಳ್ಳುವುದು ನಡೆಯುತ್ತಿತ್ತು. ಅಂಗಡಿಯಲ್ಲಿ ಅದನ್ನು ಹರಿದು ಕೊಡುವುದು ಎಲ್ಲರಿಗೂ ಕಾಣುತ್ತಿತ್ತು. ಹಾಗಾಗಿ ಎಲ್ಲ ರಾಜ್ಯಗಳೂ ಕಾರ್ಡಿಗೆ ಬದಲಾಗಬೇಕು ಅಂತ 1996ರಲ್ಲಿ ಕಾನೂನು ಬಂತು. 2004ರ ಹೊತ್ತಿಗೆ ದೇಶಕ್ಕೆಲ್ಲ ಕಾರ್ಡು. ಸೂಪರ್ ಮಾರ್ಕೆಟ್ಟಿನಲ್ಲಿ ಯಾರ ಕಾರ್ಡು ಯಾವುದು ಅಂತ ಹಿಂದೆ ನಿಂತವರಿಗೆ ಈಗ ಥಟ್ಟನೆ ಗೊತ್ತಾಗಲ್ಲ.

ಆದರೆ ರೈತರ ಸಂತೆಯಲ್ಲಿ ಆದದ್ದೇ ಬೇರೆ. ಕಾಗದದ ಸ್ಟಾಂಪನ್ನು ರೈತ ಕೈಯಲ್ಲೇ ತಗೊಂಡು ಜೇಬಿಗೆ ಹಾಕಿಕೊಳ್ಳಬಹುದಿತ್ತು. ಕಾರ್ಡಿಗೆ ಯಂತ್ರ ಬೇಕು, ಯಂತ್ರಕ್ಕೆ ಕರೆಂಟು, ಫೋನ್ ಲೈನು ಬೇಕು. ಸಂತೆ ನಡೆಯುವುದು ಪಾರ್ಕಿಂಗ್ ಜಾಗದಲ್ಲಿ, ರಸ್ತೆ ಬದಿಯಲ್ಲಿ. ಸ್ಟಾಂಪ್ ಹೋಗಿ ಕಾರ್ಡು ಬಂದದ್ದೇ ಬಡ ಗಿರಾಕಿಗಳು ಸಂತೆಯಿಂದ ಹೆಚ್ಚುಕಡಿಮೆ ಮಾಯವಾದರು. ವೈರ್‌ಲೆಸ್ ಯಂತ್ರ ಮತ್ತು ಈ ಮರದ ಬಿಲ್ಲೆಯ ಉಪಾಯದಿಂದ ಅವರನ್ನು ಮತ್ತೆ ಕರೆತರಲು ವರ್ಷಗಳೇ ಹಿಡಿದವು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಅಪ್‌ಗ್ರೇಡ್ ಮಾಡುವಾಗ ಒಂದು ಯೂಸ್ ಕೇಸ್ ಮರೆತುಹೋಗಿತ್ತು. ಇಪ್ಪತ್ತು ವರ್ಷದ ಮೇಲೆ ನಾನು ಅದೇ ಸಂತೆಯಲ್ಲಿ ಬೋರ್ಡ್ ಬರೆದು, ಕಾರ್ಡು ಮುಚ್ಚಿಟ್ಟದ್ದನ್ನು ಬಯಲು ಮಾಡಿ ಕೂತಿದ್ದೆ.

ಈ ನಾಚಿಕೆ ನನಗೆ ಗೊತ್ತಿಲ್ಲದ್ದೇನಲ್ಲ, ಅದೇ ಹೆಚ್ಚು ಚುಚ್ಚಿದ್ದು. ನಮ್ಮದು ತಿಪಟೂರು. ಅಪ್ಪನದು ಸಣ್ಣ ಟೈಲರ್ ಅಂಗಡಿ. ಸೊಸೈಟಿ ಅಕ್ಕಿ, ಸೀಮೆಎಣ್ಣೆ ಬರದಿದ್ದರೆ ತಿಂಗಳು ದಾಟುತ್ತಿರಲಿಲ್ಲ. ಅಮ್ಮ ಸೊಸೈಟಿಗೆ ಹೋಗುತ್ತಿದ್ದುದು ಮಟಮಟ ಮಧ್ಯಾಹ್ನ, ಬೀದಿಯವರೆಲ್ಲ ಉಂಡು ಮಲಗಿದ ಮೇಲೆ. ಅಕ್ಕಿಯನ್ನು ಬಟ್ಟೆ ಅಂಗಡಿಯ ಚೀಲದಲ್ಲಿ ಹಾಕಿಕೊಂಡು ಬರೋರು. ಸ್ಕೂಲಿನಲ್ಲಿ ಯಾರೋ ನನ್ನ ಡಬ್ಬಿ ನೋಡಿ "ಸೊಸೈಟಿ ಅಕ್ಕಿ ಅನ್ನ" ಅಂದದ್ದಕ್ಕೆ ನಾನು ಎರಡು ದಿನ ಡಬ್ಬಿ ತೆಗೆದುಕೊಂಡು ಹೋಗಿರಲಿಲ್ಲ. ಅಮ್ಮ ಏನೂ ಅನ್ನಲಿಲ್ಲ, ಮೂರನೇ ದಿನ ಅವಲಕ್ಕಿ ಒಗ್ಗರಣೆ ಹಾಕಿ ಕಳಿಸಿದರು. ಇಷ್ಟೆಲ್ಲ ಅನುಭವಿಸಿದವಳು ಯುಗಾದಿ ಕೋಸಂಬರಿ ಬಡಿಸಿದವರನ್ನು ಆ ಸಾಲಿನಲ್ಲಿ ನಿಲ್ಲಿಸಿ ಹೆಸರಿಡಿದು ಕರೆಯುವವಳ ಹಾಗೆ ಕೂಗಿದ್ದೆ.

ಆ ವಾರವೇ ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅವರು ಬೈಯ್ಯುತ್ತಾರೆ ಅಂದುಕೊಂಡಿದ್ದೆ. "ಅವರ ಹಿಂದೆ ಓಡಿ ಹೋಗಿ ಸಾರಿ ಗೀರಿ ಅನ್ನಬೇಡ. ಇನ್ನೂ ನಾಚಿಕೆ ಆಗುತ್ತೆ. ಅವರಾಗೇ ಬಂದರೆ ಏನೂ ಆಗಿಲ್ಲದ ಹಾಗೆ ಇರು" ಅಂದರು.

ಮುಂದಿನ ಶನಿವಾರ ಎರಡೂ ಬೋರ್ಡ್ ಕಿತ್ತು ಹಾಕಿದೆ. ಒಂದೇ ಸಾಲು. ಕಾಯುವುದು ಹೆಚ್ಚಾಯಿತು, ಬ್ಯಾಂಕ್ ಕಾರ್ಡಿನವರೊಬ್ಬರು ಗೊಣಗಿದರು, ಗೊಣಗಲಿ. ಯಂತ್ರವನ್ನು ಗಿರಾಕಿಯ ಕಡೆ ತಿರುಗಿಸಿ ಇಟ್ಟೆ. "ಎಷ್ಟು ಬೇಕು?" ಅಂತಷ್ಟೇ ಕೇಳೋದು. ಯಾವ ಕಾರ್ಡು ಅಂತ ಯಂತ್ರವೇ ಹೇಳುತ್ತದೆ, ನಾನು ಬಾಯಿಬಿಟ್ಟು ಕೇಳಬೇಕಾಗಿಲ್ಲ.

ಆಗಸ್ಟಿನಲ್ಲಿ ಇನ್ನೊಂದು ಪಾಠ ಆಯಿತು. ಬೆಳಿಗ್ಗೆ ಹತ್ತಕ್ಕೆ ಯಂತ್ರ ನೆಟ್‌ವರ್ಕ್ ಹಿಡಿಯಲಿಲ್ಲ. ನಾನು ಮೂರು ಜನರನ್ನು "ಸಿಸ್ಟಮ್ ಡೌನ್, ಆಮೇಲೆ ಬನ್ನಿ" ಅಂತ ವಾಪಸ್ ಕಳಿಸಿದೆ. ಕಳಿಸಿದ ಮೇಲೆ ಅಮ್ಮನ ದನಿ ನೆನಪಾಯಿತು. ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟಿನ ಯಂತ್ರ ಬಂದ ಮೇಲೆ ಅಮ್ಮ ಎಷ್ಟು ಸಲ ಹೇಳಿಲ್ಲ, "ಸರ್ವರ್ ಇಲ್ಲವಂತೆ ಕಣೆ, ನಾಳೆ ಬಾ ಅಂದರು. ನೀನು ಆ ಸರ್ವರ್ ಕೆಲಸಾನೇ ಮಾಡೋದಲ್ವಾ?" ಅಂತ! ಸಂತೆ ನೋಡಿಕೊಳ್ಳುವ ಹೆಂಗಸು ಬಂದು ಟೇಬಲ್ಲಿನ ಅಡಿಯಿಂದ ಒಂದು ಕಾಗದದ ಪುಸ್ತಕ ತೆಗೆದರು. ಯಂತ್ರ ಕೆಟ್ಟರೆ ಕಾರ್ಡಿನ ನಂಬರ್ ಬರೆದುಕೊಂಡು, ಫೋನ್ ಮಾಡಿ ಒಪ್ಪಿಗೆ ಪಡೆದು, ಗಿರಾಕಿಯ ಸಹಿ ಹಾಕಿಸಿಕೊಂಡು ಬಿಲ್ಲೆ ಕೊಡಬಹುದು. ನಿಯಮದಲ್ಲೇ ಇದೆ. ವಾಪಸ್ ಹೋದ ಮೂವರಲ್ಲಿ ಒಬ್ಬರನ್ನು ಪೀಚ್ ಹಣ್ಣಿನ ಅಂಗಡಿಯ ಹತ್ತಿರ ಹಿಡಿದು ಕರೆತಂದೆ. ಇನ್ನಿಬ್ಬರು ಸಿಗಲಿಲ್ಲ.

ಆಂಟಿ ಮತ್ತೆ ಕಂಡದ್ದು ಸೆಪ್ಟೆಂಬರಿನಲ್ಲಿ, ಸಂತೆ ಎತ್ತುವ ಹೊತ್ತಿಗೆ. ನಾನು ಡೇರೆಯ ಹಗ್ಗ ಬಿಚ್ಚುವ ನೆಪದಲ್ಲಿ ಆಚೆ ಹೋದೆ. ಇನ್ನೊಬ್ಬ ಹುಡುಗ ಬಿಲ್ಲೆ ಕೊಟ್ಟ. ನಾಲ್ಕೈದು ವಾರ ಹೀಗೇ ನಡೆಯಿತು. ಅವರು ಕೊನೇ ಹೊತ್ತಿಗೆ ಬರೋದು, ನಾನು ಹಗ್ಗ ಬಿಚ್ಚೋದು. ಹ್ಮಾಂಗ್ ದಂಪತಿಯ ಹತ್ತಿರ ಅವರು ಕೈಸನ್ನೆಯಲ್ಲೇ ಚೌಕಾಸಿ ಮಾಡುತ್ತಿದ್ದುದನ್ನು ದೂರದಿಂದ ನೋಡಿ ನಗು ಬರುತ್ತಿತ್ತು. ಆ ಅಂಗಡಿಯಾಕೆ ಒಮ್ಮೆ ನನ್ನ ಹತ್ತಿರ, ಕೊನೇ ಹೊತ್ತಿಗೆ ಬಂದು ಬಿಲ್ಲೆ ಕೊಟ್ಟು ಕೊಳ್ಳುವವರಿಂದಲೇ ಸೊಪ್ಪು ವಾಪಸ್ ಹೊತ್ತುಕೊಂಡು ಹೋಗುವುದು ತಪ್ಪುತ್ತದೆ ಅಂದಿದ್ದರು. ನಮ್ಮಂಥವರು ಎರಡು ಕಟ್ಟು ಕೊಂಡರೆ ಅವರು ಆರು ಕಟ್ಟು ಕೊಳ್ಳುತ್ತಾರಂತೆ.

ಆಮೇಲೆ ನವೆಂಬರ್ 1 ಬಂತು, ಅದೂ ಶನಿವಾರವೇ. ಅಕ್ಟೋಬರ್ 1ರಿಂದ ಅಮೆರಿಕ ಸರ್ಕಾರದ ಖರ್ಚಿಗೆ ಒಪ್ಪಿಗೆ ಸಿಗದೆ ಕಚೇರಿಗಳು ಮುಚ್ಚಿದ್ದವು. ಅದು 43 ದಿನ ನಡೆದು ನವೆಂಬರ್ 12ಕ್ಕೆ ಮುಗಿದದ್ದು. ನವೆಂಬರಿನ ಸ್ನ್ಯಾಪ್ ಹಣ ಹೊತ್ತಿಗೆ ಬರಲ್ಲ ಅಂತ ಮೊದಲೇ ಹೇಳಿದ್ದರು, ವಿಷಯ ಕೋರ್ಟಿನಲ್ಲಿತ್ತು. ಅಕ್ಟೋಬರಿನಲ್ಲಿ ಉಳಿದ ಚಿಲ್ಲರೆ ಮಾತ್ರ ಕಾರ್ಡಿನಲ್ಲಿ. ಆವತ್ತು ಬೆಳಿಗ್ಗೆಯಿಂದ ಜನ ಬಂದು ಕೇಳುತ್ತಿದ್ದುದು ಒಂದೇ: ಬಾಕಿ ಎಷ್ಟಿದೆ ನೋಡಿ. ಯಂತ್ರ ಚೀಟಿ ಕಕ್ಕುತ್ತಿತ್ತು. 3 ಡಾಲರ್. 11 ಡಾಲರ್. 40 ಸೆಂಟ್. ಒಬ್ಬಾಕೆ ಚೀಟಿಯನ್ನು ಎರಡು ಸಲ ಓದಿ, ಮಡಿಸಿ, ಮಗುವಿನ ಗಾಡಿಯ ಜೇಬಿಗೆ ತುರುಕಿ ಹೋದರು.

ಆಂಟಿ ಆವತ್ತು ಕೊನೇ ಹೊತ್ತಿಗೆ ಬರಲಿಲ್ಲ, ಸಂತೆ ತೆರೆದಾಗಲೇ ಬಂದರು. ನಾನು ತಪ್ಪಿಸಿಕೊಳ್ಳುವಷ್ಟರಲ್ಲಿ ಎದುರಿಗೇ ನಿಂತಿದ್ದರು. "ಎಷ್ಟಿದೆ ನೋಡಮ್ಮ" ಅಂದರು, ಕನ್ನಡದಲ್ಲೇ.

6 ಡಾಲರ್ 40 ಸೆಂಟ್.

"ಈ ಆರಕ್ಕೆ ಇನ್ನೊಂದು ಆರು ಸೇರುತ್ತೆ ಆಂಟಿ, ಹನ್ನೆರಡಾಯ್ತು" ಅಂದೆ. "ಗೊತ್ತು, ಆ ಹುಡುಗ ಹೇಳಿದಾನೆ. ಕೊಡು" ಅಂದರು. ಬಿಲ್ಲೆ ಎಣಿಸಿಕೊಳ್ಳುತ್ತಾ, ಕೇಳದಿದ್ದರೂ ಅವರೇ ಹೇಳಿದರು. ಇಪ್ಪತ್ತು ವರ್ಷ ಇಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಿದವರು. ಯಜಮಾನರು ಹೋದ ಮೇಲೆ ಹಿರಿಯರಿಗೆಂದೇ ಇರುವ ಕಡಿಮೆ ಬಾಡಿಗೆಯ ಮನೆಯಲ್ಲಿ ಒಬ್ಬರೇ ಇದ್ದಾರೆ. ಮಗ ಟೆಕ್ಸಾಸಿನಲ್ಲಿ. "ಅವನಿಗೆ ಈ ಕಾರ್ಡಿನ ವಿಷಯ ಗೊತ್ತಿಲ್ಲ. ಗೊತ್ತಾದ್ರೆ ದುಡ್ಡು ಕಳಿಸ್ತಾನೆ. ಅವನಿಗೂ ಕೆಲಸ ಹೋಗಿ ಬಂದಿದೆ, ಯಾಕೆ ಸುಮ್ನೆ" ಅಂದರು. ಒಬ್ಬರೇ ಇರುವವರಿಗೆ ಸಿಗುವ ಕನಿಷ್ಠ ಮೊತ್ತ ತಿಂಗಳಿಗೆ 25 ಡಾಲರಿಗೂ ಕಡಿಮೆ. ಅವರಿಗೆ ಎಷ್ಟು ಬರುತ್ತದೆ ಅಂತ ನಾನು ಕೇಳಲಿಲ್ಲ.

ಹನ್ನೆರಡು ಡಾಲರಿಗೆ ಮೂಲಂಗಿ, ಪಾಲಕ್, ಗೆಣಸು ಬಂತು. ಅಂಗಡಿಯಾಕೆ ಒಂದು ಕಟ್ಟು ಕೊತ್ತಂಬರಿ ಮೇಲೆ ಹಾಕಿದರು. ಆಂಟಿ ನನ್ನ ಕಡೆ ತಿರುಗಿ, "ನೋಡು, ಇವರಿಗೂ ಕೊಸರು ಕೊಡೋದು ಗೊತ್ತು" ಅಂದರು.

ಅದೇ ಸಂಜೆ ಕನ್ನಡ ಕೂಟದಲ್ಲಿ ರಾಜ್ಯೋತ್ಸವ. ಆಂಟಿ ರೇಷ್ಮೆ ಸೀರೆ ಉಟ್ಟು ಚಿತ್ರಾನ್ನ ಬಡಿಸುತ್ತಿದ್ದರು. ನಾನು ಪರಿಚಯ ಇಲ್ಲದವಳ ಹಾಗೆ ತಟ್ಟೆ ಒಡ್ಡಿದೆ. ಪಕ್ಕದಲ್ಲಿದ್ದವರೊಬ್ಬರು "ಇವರು ಹೊಸಬರಾ?" ಅಂತ ಕೇಳಿದ್ದಕ್ಕೆ ಆಂಟಿ, "ಅಯ್ಯೋ, ಇವಳು ನಮ್ಮ ಸಂತೆ ಹುಡುಗಿ. ಶನಿವಾರ ಶನಿವಾರ ಸಿಕ್ತಾಳೆ. ನೀವೂ ಬನ್ರೀ, ಸೊಪ್ಪು ತುಂಬಾ ಚೆನ್ನಾಗಿರುತ್ತೆ" ಅಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿದರು.

ಆ ತಿಂಗಳ ಹಣ ತಡವಾಗಿಯಾದರೂ ಬಂತು. 15ನೇ ತಾರೀಖಿನ ಶನಿವಾರ ಅವರು ಹತ್ತು ಬಿಲ್ಲೆ ತಗೊಂಡರು. ಈ ಬರಹವನ್ನು ಕಳಿಸುವ ಮುಂಚೆ ಅವರಿಗೆ ಪೂರ್ತಿ ಓದಿ ಹೇಳಿದ್ದೇನೆ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿಯೂ ಇದ್ದೇನೆ. ಎಲ್ಲ ಕೇಳಿಸಿಕೊಂಡು, "ಬರಿ, ಬರಿ. ಸ್ವೆಟರಿನ ಬಣ್ಣ ಮಾತ್ರ ಹಾಕಬೇಡ ಕಣೇ, ಗೊತ್ತಾಗಿಬಿಡುತ್ತೆ" ಅಂದರು. ತೆಗೆದಿದ್ದೇನೆ.